ವಿಕ್ಕಾ, ಹೆಡ್ಜ್ ವಿಚ್, ಕಿಚನ್ ವಿಚ್: ಯಾವ ದಾರಿ? ಬಾಡಿಗೆ ಮನೆಯಲ್ಲಿ ಋತುಗಳ ಆಚರಣೆ ಹೇಗೆ?

ತುಂಬೆಹೂ (ಲೀಡ್ಸ್)

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಲೀಡ್ಸಿಗೆ ಬಂದು ನೆಲೆಸಿದ್ದೇನೆ. ನಮ್ಮ ಆಫೀಸಿನಲ್ಲಿ ಒಬ್ಬರು ತಾವು ವಿಚ್, ಅಂದರೆ ಮಾಟ-ಮಂತ್ರ ಮಾಡುವವರು, ಅಂತ ಮುಚ್ಚುಮರೆ ಇಲ್ಲದೆ ಹೇಳಿಕೊಳ್ಳುತ್ತಾರೆ. ಅವರ ಮೇಜಿನ ಮೂಲೆಯಲ್ಲಿ ಒಂದು ತಟ್ಟೆ ಇದೆ. ಬೇಸಿಗೆಯಲ್ಲಿ ಅದರಲ್ಲಿ ಡೇಯ್ಸಿ ಹೂ ಇತ್ತು. ಈಗ ಅಕ್ಟೋಬರ್, ಓಕ್ ಮರದ ಕಾಯಿ, ಕೆಂಪು ಎಲೆ, ಒಂದು ಪುಟ್ಟ ಸೇಬು. ಋತು ತಿರುಗಿದ ಹಾಗೆ ತಟ್ಟೆಯೂ ಬದಲಾಗುತ್ತದೆ. ಕೇಳಿದರೆ ಸಂಕೋಚ ಇಲ್ಲದೆ ವಿವರಿಸುತ್ತಾರೆ. ನನಗೂ ಆಸೆ ಹುಟ್ಟಿದೆ.

ಆದರೆ ಓದೋಕೆ ಶುರು ಮಾಡಿದರೆ ತಲೆ ಕೆಡುತ್ತದೆ. ವಿಕ್ಕಾ, ಟ್ರೆಡಿಷನಲ್ ವಿಚ್‌ಕ್ರಾಫ್ಟ್, ಹೆಡ್ಜ್ ವಿಚ್, ಗ್ರೀನ್ ವಿಚ್, ಕಿಚನ್ ವಿಚ್, ಕೇಯಾಸ್ ಮ್ಯಾಜಿಕ್. ಇವುಗಳಲ್ಲಿ ವ್ಯತ್ಯಾಸ ಏನು? ನನ್ನದು ಒಂದೇ ರೂಮಿನ ಬಾಡಿಗೆ ಮನೆ. ತೋಟ ಇಲ್ಲ, ಬಾಲ್ಕನಿ ಇಲ್ಲ, ಊದುಬತ್ತಿ ಹಚ್ಚಿದರೂ ಹೊಗೆ ಅಲಾರಂ ಕೂಗುತ್ತದೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚುವ ಅಭ್ಯಾಸವನ್ನು ಬಿಡೋಕೆ ನನಗೆ ಮನಸ್ಸಿಲ್ಲ. ಎರಡೂ ಜೊತೆಗೆ ನಡೆಯುತ್ತಾ? ಗೊತ್ತಿರುವವರು ಹೇಳಿ.

ಕಾಡುಸಂಪಿಗೆ (ಸೋಮರ್‌ಸೆಟ್)

ತುಂಬೆಹೂ ಅವರೇ, ಸ್ವಲ್ಪ ಉದ್ದ ಬರೆಯುತ್ತೇನೆ. ನಾನು ಈ ದಾರಿಯಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ನಮ್ಮವರೊಬ್ಬರು ಕನ್ನಡದಲ್ಲೇ ಕೇಳಿದ್ದು ನೋಡಿ ತುಂಬಾ ಖುಷಿ ಆಯಿತು.

ಮೊದಲು ವಿಕ್ಕಾ, ಅಂದರೆ ಪ್ರಕೃತಿ, ಋತುಗಳನ್ನು ಪೂಜಿಸುವ ವಿಚ್‌ಗಳ ಧರ್ಮ. ಕೇಳಿದರೆ ಬಹಳ ಪುರಾತನ ಅನಿಸುತ್ತದೆ. ಆದರೆ ಅದು ಜನರ ಮುಂದೆ ಬಂದಿದ್ದು 1950ರ ದಶಕದಲ್ಲಿ. ಜೆರಾಲ್ಡ್ ಗಾರ್ಡ್ನರ್ (1884–1964) ಎಂಬ ಇಂಗ್ಲಿಷಿನವರು ಸಿಲೋನಿನ ತೋಟಗಳಲ್ಲಿ, ಆಮೇಲೆ ಮಲಯಾದ ಕಸ್ಟಮ್ಸ್ ಇಲಾಖೆಯಲ್ಲಿ ದುಡಿದು 1936ರಲ್ಲಿ ನಿವೃತ್ತರಾಗಿ ಊರಿಗೆ ಬಂದರು. ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಾಡಿನ ಹತ್ತಿರ ಒಂದು ಹಳೆಯ ಗುಂಪು 1939ರಲ್ಲಿ ತನಗೆ ದೀಕ್ಷೆ ಕೊಟ್ಟಿತು ಅಂತ ಅವರು ಹೇಳುತ್ತಿದ್ದರು. 1951ರಲ್ಲಿ ಇಂಗ್ಲೆಂಡಿನ ಹಳೆಯ ವಿಚ್‌ಕ್ರಾಫ್ಟ್ ಕಾಯ್ದೆ ರದ್ದಾಯಿತು. 1954ರಲ್ಲಿ ಈ ದಾರಿಯ ಬಗ್ಗೆ ಗಾರ್ಡ್ನರ್ ಬರೆದ ಪುಸ್ತಕ ಬಂತು. 1953ರಲ್ಲಿ ಅವರ ಗುಂಪಿಗೆ ಸೇರಿದ ಡೊರೀನ್ ವ್ಯಾಲಿಯೆಂಟೆ (1922–1999) ಪೂಜಾವಿಧಿಯ ಮಾತುಗಳಲ್ಲಿ ಬಹಳಷ್ಟನ್ನು ಹೊಸದಾಗಿ ಬರೆದರು. ಇವತ್ತು ವಿಕ್ಕಾದ ಪೂಜಾವೃತ್ತದಲ್ಲಿ ನಿಂತಾಗ ಕಿವಿಗೆ ಬೀಳುವ ಕಾವ್ಯದ ಹಿಂದೆ ಆ ಮಹಾತಾಯಿಯ ಕೈ ಇದೆ. ಗಾರ್ಡ್ನರ್ ಹೆಸರು ಎಲ್ಲರೂ ಹೇಳುತ್ತಾರೆ, ಡೊರೀನ್ ಹೆಸರನ್ನು ಹೇಳುವವರು ಕಡಿಮೆ. ನನಗೆ ಅದು ಬೇಜಾರು.

ಗಾರ್ಡ್ನೇರಿಯನ್, ಅದರಿಂದ ಕವಲೊಡೆದ ಅಲೆಕ್ಸಾಂಡ್ರಿಯನ್ (1960ರ ದಶಕ, ಅಲೆಕ್ಸ್ ಸ್ಯಾಂಡರ್ಸ್), ಇವೆರಡರಲ್ಲೂ ಗುಂಪು ಇರುತ್ತದೆ, ದೀಕ್ಷೆ ಇರುತ್ತದೆ, ಮೂರು ಹಂತ ಇರುತ್ತದೆ. ದೀಕ್ಷೆಗೆ ಸಾಮಾನ್ಯವಾಗಿ ಒಂದು ವರ್ಷ ಒಂದು ದಿನ ಕಾಯಿಸುತ್ತಾರೆ. ಗುಂಪಿಗೆ ಕೋವೆನ್ ಅನ್ನುತ್ತಾರೆ. ಒಂಟಿಯಾಗಿ ಆಚರಿಸುವ ವಿಕ್ಕಾ ಮನೆಮಾತಾಗಿದ್ದು ಅಮೆರಿಕದ ಸ್ಕಾಟ್ ಕನ್ನಿಂಗ್‌ಹ್ಯಾಮ್ 1988ರಲ್ಲಿ ಅದಕ್ಕೊಂದು ಕೈಪಿಡಿ ಬರೆದ ಮೇಲೆ.

ಟ್ರೆಡಿಷನಲ್ ವಿಚ್‌ಕ್ರಾಫ್ಟ್‌ನವರು ಗಾರ್ಡ್ನರ್ ದಾರಿಯನ್ನು ಒಪ್ಪದವರು. ಊರಿನ ಜನಪದ, ಭೂತ, ಪೂರ್ವಿಕರು, ಪೂಜೆಗೆ ನೆಡುವ ಕವಲುಕೋಲು, ಇವು ಅವರ ಕಡೆ ಜಾಸ್ತಿ. 1960ರ ದಶಕದ ರಾಬರ್ಟ್ ಕಾಕ್ರೇನ್ ಅಲ್ಲಿ ದೊಡ್ಡ ಹೆಸರು. ಹೆಡ್ಜ್ ವಿಚ್ ಅಂದರೆ ಗುಂಪಿಲ್ಲದೆ ಊರಂಚಿನಲ್ಲಿ ಒಂಟಿಯಾಗಿ ಗಿಡಮೂಲಿಕೆ, ಧ್ಯಾನ ನೋಡಿಕೊಳ್ಳುವವರು. ಕೇಯಾಸ್ ಮ್ಯಾಜಿಕ್, ಅಂದರೆ ಯಾವ ನಂಬಿಕೆಯನ್ನಾದರೂ ಬರೀ ಸಾಧನದ ಹಾಗೆ ಬಳಸುವ ದಾರಿ, 1970ರ ದಶಕದ ಕೊನೆಯದು. ಅದು ಬೆಳೆದಿದ್ದು ನಿಮ್ಮ ಯಾರ್ಕ್‌ಷೈರ್ ಸುತ್ತಮುತ್ತಲೇ! ಗ್ರೀನ್ (ಗಿಡಮರದ ಕೆಲಸ), ಕಿಚನ್ (ಅಡುಗೆಮನೆಯ ಕೆಲಸ) ಎಲ್ಲ ದೀಕ್ಷೆ ಇಲ್ಲದ ಹೊಸ ಹೆಸರುಗಳು. ಹೆಸರು ಹೊಸದಾದರೂ ಕೆಲಸ ಒಳ್ಳೆಯದೇ.

ನಿಮ್ಮ ಮನೆದೇವರ ದೀಪದ ವಿಷಯ: ಯಾರೂ ಬೇಡ ಅನ್ನಲ್ಲ. ನಾನೂ ಹಚ್ಚುತ್ತೇನೆ.

ಬಯಲುಸೀಮೆ ರವಿ (ಬೆಂಗಳೂರು)

ನನಗೆ ಇದನ್ನು ಓದಿ ಕಳವಳ ಆಯಿತು, ಅದನ್ನು ನೇರವಾಗಿಯೇ ಹೇಳುತ್ತೇನೆ. ನಮ್ಮ ಕಡೆ ಮಾಟ ಮಾಡಿಸಿದಳು ಅಂತ ಹೆಂಗಸರನ್ನು ಊರಿಂದ ಹೊರಗೆ ಹಾಕಿದ್ದಾರೆ, ಹೊಡೆದಿದ್ದಾರೆ. ನಿಧಿ ಆಸೆಗೆ ಮಕ್ಕಳನ್ನು ಬಲಿ ಕೊಟ್ಟ ಸುದ್ದಿ ಓದಿದ್ದೇವೆ. ಇಂಥದ್ದನ್ನು ತಡೆಯೋಕೆ ಅಂತಲೇ 2017ರಲ್ಲಿ ಕರ್ನಾಟಕದಲ್ಲಿ ಕಾಯ್ದೆ ಆಯಿತು, 2020ರಲ್ಲಿ ಜಾರಿಗೆ ಬಂತು. ಇಷ್ಟೆಲ್ಲ ಹೋರಾಡಿದ ಮೇಲೆ ವಿದ್ಯಾವಂತರು "ನಾನು ವಿಚ್" ಅಂತ ಸಂಭ್ರಮ ಪಡೋದು ಸರಿಯಾ? ಯಾರನ್ನೂ ನೋಯಿಸೋಕೆ ಹೇಳ್ತಿಲ್ಲ. ನಿಜವಾಗಿಯೂ ಕೇಳುತ್ತಿದ್ದೇನೆ.

ಹೊಂಗೆನೆರಳು (ಎಡಿನ್‌ಬರೋ)

ರವಿ ಅಣ್ಣ, ನಿಮ್ಮ ಕಳವಳ ನ್ಯಾಯವಾದದ್ದು. ಇಲ್ಲಿನ ಕಥೆಯನ್ನೂ ಕೇಳಿ, ಯಾಕಂದ್ರೆ ಈ ನೆಲದಲ್ಲೂ ಅದೇ ರಕ್ತ ಹರಿದಿದೆ.

ಸ್ಕಾಟ್ಲೆಂಡಿನಲ್ಲಿ 1563ರ ಕಾಯ್ದೆಯ ಕೆಳಗೆ ಸುಮಾರು 4,000 ಜನರ ಮೇಲೆ ವಿಚ್ ಅಂತ ಆಪಾದನೆ ಬಂತು. ಹೆಚ್ಚಿನವರು ಹೆಂಗಸರು. ಸುಮಾರು 2,500 ಮಂದಿ ಸತ್ತರು ಅನ್ನುವ ಅಂದಾಜಿದೆ. ಇಲ್ಲಿ ಮೊದಲು ಕತ್ತು ಬಿಗಿದು ಕೊಂದು, ಆಮೇಲೆ ಹೆಣ ಸುಡುತ್ತಿದ್ದರು. ಇಂಗ್ಲೆಂಡಿನಲ್ಲಿ ನೇಣು. ಎಡಿನ್‌ಬರೋ ಕೋಟೆಯ ಮುಂದಿನ ಬಯಲಿನಲ್ಲಿ ಅವರ ನೆನಪಿಗೆ ಒಂದು ಸಣ್ಣ ನೀರಿನ ಚಿಲುಮೆ ಗೋಡೆಗೆ ಅಂಟಿಕೊಂಡಿದೆ, ಪ್ರವಾಸಿಗರು ನೋಡದೆ ದಾಟಿ ಹೋಗುತ್ತಾರೆ. 2022ರ ಮಾರ್ಚ್ 8ರಂದು ಆಗಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಕೇಳಿದರು.

ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಹಾಗೆ ಸತ್ತವರು ಯಾವುದೋ ಗುಟ್ಟಿನ ಧರ್ಮದವರಾಗಿರಲಿಲ್ಲ. ಬಹುಪಾಲು ಸಾಧಾರಣ ಕ್ರೈಸ್ತ ಹಳ್ಳಿಗರು. ನೆರೆಹೊರೆಯ ಜಗಳ, ಸತ್ತ ಹಸು, ಕಾಯಿಲೆ ಬಿದ್ದ ಮಗು, ಇಷ್ಟರಿಂದಲೇ ಆಪಾದನೆ ಶುರುವಾಗುತ್ತಿತ್ತು. ಮಾರ್ಗರೆಟ್ ಮರ್ರೆ 1921ರಲ್ಲಿ ಇವರೆಲ್ಲ ಹಳೆಯ ಧರ್ಮವೊಂದರ ಭಕ್ತರು ಅಂತ ವಾದ ಮಂಡಿಸಿದರು. ಇತಿಹಾಸಕಾರರು ಅದನ್ನು ಎಂದೋ ತಳ್ಳಿಹಾಕಿದ್ದಾರೆ. ಹಾಗಾಗಿ ಇವತ್ತಿನ ವಿಕ್ಕನ್ ಯಾರಾದರೂ "ನಮ್ಮವರನ್ನು ಸುಟ್ಟರು" ಅಂದರೆ ನನಗೆ ಒಪ್ಪಿಗೆ ಇಲ್ಲ. ಆ ನೋವು ಆ ಹೆಂಗಸರದು, ಅದನ್ನು ಅವರಿಗೇ ಬಿಡಬೇಕು.

1951ರಲ್ಲಿ ರದ್ದಾದ 1735ರ ಕಾಯ್ದೆ ಇನ್ನೊಂದು ಥರದ್ದು. ಅದು ವಿಚ್‌ಗಳನ್ನು ಕೊಲ್ಲುವ ಕಾಯ್ದೆ ಅಲ್ಲ. "ನನಗೆ ಮಂತ್ರಶಕ್ತಿ ಇದೆ" ಅಂತ ಜನರನ್ನು ನಂಬಿಸುವುದೇ ಅಪರಾಧ ಅಂದ ಕಾಯ್ದೆ. 1944ರಲ್ಲೂ ಹೆಲೆನ್ ಡಂಕನ್ ಎಂಬ ಪ್ರೇತ ಕರೆಯುವ ಹೆಂಗಸು ಅದರಡಿ ಜೈಲಿಗೆ ಹೋದರು. ಒಂದು ರೀತಿಯಲ್ಲಿ ನೀವು ಹೇಳುವ ಕರ್ನಾಟಕದ ಕಾಯ್ದೆಗೆ ಇದೇ ಹತ್ತಿರ.

ಕಾಡುಸಂಪಿಗೆ (ಸೋಮರ್‌ಸೆಟ್)

ಹೊಂಗೆನೆರಳು ಹೇಳಿದ್ದು ಪೂರ್ತಿ ಸರಿ. ರವಿ ಅವರೇ, ಇನ್ನೊಂದು ಸೇರಿಸುತ್ತೇನೆ. ನಮ್ಮಲ್ಲಿ ಬಹುಪಾಲು ಜನ ಒಪ್ಪುವ ಮಾತು: ಯಾರಿಗೂ ಕೆಡುಕಾಗದಂತೆ ನಿನಗೆ ಬೇಕಾದ್ದು ಮಾಡು. ಬಲಿ ಇಲ್ಲ, ಶಾಪ ಹಾಕುವ ವ್ಯಾಪಾರ ಇಲ್ಲ. ಯಾರ ಮೇಲಾದರೂ ಮಾಟ ಆಗಿದೆ ಅಂತ ಬೆರಳು ತೋರಿಸುವವರನ್ನು ನಮ್ಮ ಗುಂಪಿನಲ್ಲಿ ಒಂದು ನಿಮಿಷವೂ ಕೂರಿಸಲ್ಲ. ಊರಲ್ಲಿ ಯಾವ ಹೆಂಗಸಿಗಾದರೂ ಹಾಗೆ ಹಿಂಸೆ ಆದರೆ ನಾನು ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ.

ಬಯಲುಸೀಮೆ ರವಿ (ಬೆಂಗಳೂರು)

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ವಂದನೆ. ದೇವರು, ಮಂತ್ರ ನನಗೆ ಒಗ್ಗುವುದಿಲ್ಲ. ಆದರೆ ಋತುಗಳ ವಿಷಯ ಓದೋಕೆ ಆಸಕ್ತಿ ಇದೆ. ಮುಂದುವರಿಸಿ.

ತುಂಬೆಹೂ (ಲೀಡ್ಸ್)

ಹೌದು, ನನಗೂ ಅದೇ ಬೇಕು. ಎಂಟು ಹಬ್ಬಗಳ ಚಕ್ರ ಅಂತ ಎಲ್ಲ ಕಡೆ ಒಂದೇ ಪಟ್ಟಿ. ಸಾವಿನ್ (ಅಕ್ಟೋಬರ್ ಕೊನೆ), ಯೂಲ್ (ಡಿಸೆಂಬರ್), ಇಂಬೋಲ್ಕ್ (ಫೆಬ್ರವರಿ), ಒಸ್ಟಾರಾ (ಮಾರ್ಚ್), ಬೆಲ್ಟೇನ್ (ಮೇ), ಲಿಥಾ (ಜೂನ್), ಲೂನಸಾ (ಆಗಸ್ಟ್), ಮೇಬನ್ (ಸೆಪ್ಟೆಂಬರ್). ಬಾಯಿಪಾಠ ಆಯಿತು. ಆದರೆ ಅಂದು ಮಾಡುವುದೇನು?

ಕಾಡುಸಂಪಿಗೆ (ಸೋಮರ್‌ಸೆಟ್)

ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಬೆಳಕನ್ನು ನೋಡಿ. ಬೆಂಗಳೂರಿನಲ್ಲಿ ಜೂನಿನ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಲಂಡನ್ನಿನಲ್ಲಿ ಜೂನ್ 21ರ ಹಗಲು 16 ಗಂಟೆ 38 ನಿಮಿಷ. ಡಿಸೆಂಬರ್ 21ರದು 7 ಗಂಟೆ 50 ನಿಮಿಷ. ಲೀಡ್ಸಿನಲ್ಲಿ ಅದಕ್ಕಿಂತಲೂ ಕಡಿಮೆ. ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲೇ ವಾಪಸ್ ಬರುತ್ತೀರಿ. ಆ ಕತ್ತಲು ಮೈಗೆ, ಮನಸ್ಸಿಗೆ ಏನು ಮಾಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಯೂಲ್ ಅಂದು ಬೆಂಕಿ ಹಚ್ಚಿ ಸೂರ್ಯ ತಿರುಗಿದ ಅಂತ ಹಾಡುವುದು ಅಲಂಕಾರಕ್ಕಲ್ಲ. ಆ ಕತ್ತಲೊಳಗೆ ಇದ್ದವರಿಗೆ ಅದು ಬೇಕೇಬೇಕು.

ನನಗೆ ಇಡೀ ವರ್ಷದಲ್ಲಿ ಹೆಚ್ಚು ಪ್ರೀತಿ ಇರುವ ರಾತ್ರಿ ಈ ಎಂಟರಲ್ಲಿ ಇಲ್ಲವೇ ಇಲ್ಲ. ಅದು ಜನವರಿಯ ವಾಸೇಲ್. ನಮ್ಮ ಸೋಮರ್‌ಸೆಟ್ ಸೈಡರ್ ಎಂಬ ಮದ್ಯ ಮಾಡುವ ಸೇಬಿನ ನಾಡು. ಜನವರಿ 17ರ ರಾತ್ರಿ ತೋಟದಲ್ಲಿ ಎಲ್ಲಕ್ಕಿಂತ ಹಳೆಯ ಸೇಬಿನ ಮರದ ಸುತ್ತ ಸೇರುತ್ತಾರೆ. ಯಾಕೆ 17 ಅಂದರೆ, 1752ರಲ್ಲಿ ಬ್ರಿಟನ್ನು ಕ್ಯಾಲೆಂಡರ್ ಬದಲಿಸಿ 11 ದಿನ ಕಳಚಿಹಾಕಿತು. ಇಲ್ಲಿನ ಹಳ್ಳಿಗರು ತಮ್ಮ ಹಳೆಯ ದಿನವನ್ನು ಬಿಡಲಿಲ್ಲ! ಟೋಸ್ಟ್ ಮಾಡಿದ ಬ್ರೆಡ್ಡನ್ನು ಸೈಡರಿನಲ್ಲಿ ಅದ್ದಿ ಕೊಂಬೆಗಳ ಸಂದಿಗೆ ಸಿಕ್ಕಿಸುತ್ತಾರೆ, ರಾಬಿನ್ ಹಕ್ಕಿಗೆ ಅಂತ. ಬೊಗಸೆ ಕಟ್ಟಿದ ಮಕ್ಕಳ ಕೈಯಿಂದ ಬೇರಿಗೆ ಸೈಡರ್ ಸುರಿಸುತ್ತಾರೆ. ಆಮೇಲೆ ಪಾತ್ರೆ, ಡಬ್ಬ, ಸೌಟು, ಸಿಕ್ಕಿದ್ದನ್ನೆಲ್ಲ ಬಡಿದು ಗದ್ದಲ. ಕೆಲವು ಕಡೆ ಕೊಂಬೆಗಳ ನಡುವೆ ಕೋವಿ ಹಾರಿಸುತ್ತಾರೆ. ಕೆಟ್ಟದ್ದು ಓಡಲಿ, ಮಲಗಿರುವ ಮರ ಎಚ್ಚರ ಆಗಲಿ ಅಂತ. ಅಲ್ಲಿ ನಿಂತವರಲ್ಲಿ ಚರ್ಚಿಗೆ ಹೋಗುವವರೂ ಇರುತ್ತಾರೆ, ಪ್ರಕೃತಿಯನ್ನು ಪೂಜಿಸುವ ಪೇಗನ್‌ಗಳೂ ಇರುತ್ತಾರೆ, ಏನನ್ನೂ ನಂಬದ ರೈತರೂ ಇರುತ್ತಾರೆ. ಮರಕ್ಕೆ ಎಲ್ಲರೂ ಒಂದೇ.

ನಾನು ಹೇಳೋದು ಇಷ್ಟು. ನೀವು ಇರುವ ನೆಲದಲ್ಲಿ ಏನಾಗುತ್ತಿದೆ ಅಂತ ಹೊರಗೆ ಹೋಗಿ ನೋಡಿ. ಆಚರಣೆ ಅಲ್ಲಿಂದ ಹುಟ್ಟಬೇಕು. ಪುಸ್ತಕದ ತಾರೀಖಿನಿಂದ ಹುಟ್ಟಿದರೆ ಅದು ಅರ್ಧ ವರ್ಷದಲ್ಲಿ ಬಿಟ್ಟುಹೋಗುತ್ತದೆ. ಎಷ್ಟೋ ಜನ ಹಾಗೆ ಬಿಟ್ಟದ್ದನ್ನು ಕಂಡಿದ್ದೇನೆ.

ಮೆಲ್ಬರ್ನ್ ಮಲ್ಲಿಗೆ (ಮೆಲ್ಬರ್ನ್)

ಅಕ್ಕ ಹೇಳಿದ್ದಕ್ಕೆ ನಾವೇ ಸಾಕ್ಷಿ. ಇಲ್ಲಿ ಎಲ್ಲ ತಿರುಗುಮುರುಗು. ಯೂಲ್ ಬರೋದು ಜೂನಿನಲ್ಲಿ, ಸಾವಿನ್ ಏಪ್ರಿಲ್ ಕೊನೆಗೆ. ಅಕ್ಟೋಬರ್ 31ರಂದು ಅಂಗಡಿಗಳಲ್ಲೆಲ್ಲ ಕುಂಬಳಕಾಯಿ ದೀಪ, ಹೊರಗೆ ನೋಡಿದರೆ ವಸಂತ. ನಮ್ಮ ಗುಂಪು ಆ ದಿನ ಬೆಲ್ಟೇನ್ ಮಾಡುತ್ತದೆ.

ಬರೀ ತಾರೀಖು ತಿರುಗಿಸಿದರೂ ಸಾಲದು. ಇಂಗ್ಲೆಂಡಿನಲ್ಲಿ ಸೂರ್ಯ ದಕ್ಷಿಣದ ಕಡೆಯಿಂದ ಹಾದುಹೋಗುತ್ತಾನೆ, ಅದಕ್ಕೆ ಅವರು ಬೆಂಕಿಯ ದಿಕ್ಕು ದಕ್ಷಿಣ ಅಂತ ಇಟ್ಟರು. ಇಲ್ಲಿ ಸೂರ್ಯ ಉತ್ತರದಲ್ಲಿ ಹಾದುಹೋಗುತ್ತಾನೆ. ಹಾಗಾಗಿ ನಾವು ಬೆಂಕಿಯನ್ನು ಉತ್ತರಕ್ಕೆ ಇಡುತ್ತೇವೆ. ವೃತ್ತ ಹಾಕುವಾಗ ಸೂರ್ಯನ ಜೊತೆ ನಡೆಯಬೇಕಲ್ಲ, ಅದು ಇಲ್ಲಿ ಗಡಿಯಾರಕ್ಕೆ ಎದುರು. ಲಿಥಾ ಅಂದರೆ ಅಲ್ಲಿ ಬೆಟ್ಟದ ಮೇಲೆ ದೊಡ್ಡ ಬೆಂಕಿ. ವಿಕ್ಟೋರಿಯಾದಲ್ಲಿ ಡಿಸೆಂಬರ್ ಅಂದರೆ ಕಾಳ್ಗಿಚ್ಚಿನ ಕಾಲ. ಟೋಟಲ್ ಫೈರ್ ಬ್ಯಾನ್ ಇರುವ ದಿನ ಬಯಲಲ್ಲಿ ಬೆಂಕಿ ಹಚ್ಚುವ ಹಾಗೇ ಇಲ್ಲ. ನಾವು ಅಂದು ದೊಡ್ಡ ಬೋಗುಣಿಯಲ್ಲಿ ನೀರು ಇಟ್ಟು ಕೂರುತ್ತೇವೆ. ಈ ನೆಲಕ್ಕೆ ಆಗ ಬೇಕಿರೋದು ನೀರೇ ತಾನೆ. ಚಳಿ ಮುಗಿಯುವ ಹೊತ್ತಿಗೆ ವಾಟಲ್ ಮರ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ನಮಗೆ ವಸಂತದ ಸುದ್ದಿ ತರೋದು ಅದು.

ಚಂದ್ರಕಾಂತಿ (ಡಬ್ಲಿನ್)

ನನ್ನದೊಂದು ತಕರಾರು ಇದೆ. "ವಿಕ್ಕಾದ ಹಬ್ಬ" ಅಂತ ಇಂಬೋಲ್ಕ್, ಬೆಲ್ಟೇನ್, ಲೂನಸಾ, ಸಾವಿನ್ ಹೆಸರನ್ನು ಸುಲಭವಾಗಿ ಹೇಳುತ್ತೀರಿ. ಇವು ಐರ್ಲೆಂಡಿನವು. ಮಧ್ಯಯುಗದ ಐರಿಷ್ ಬರಹಗಳಲ್ಲೇ ಈ ನಾಲ್ಕು ದಿನಗಳ ಹೆಸರಿವೆ. ಇಂಬೋಲ್ಕ್ ಬರುವ ಫೆಬ್ರವರಿ 1 ಇಲ್ಲಿ ಸಂತ ಬ್ರಿಜಿಡ್ ದಿನ. 2023ರಿಂದ ಅದಕ್ಕೆ ಸರ್ಕಾರಿ ರಜೆಯೂ ಇದೆ. ಅದನ್ನು ಆಚರಿಸುವ ನನ್ನ ಪಕ್ಕದ ಮನೆಯ ಅಜ್ಜಿ ತಪ್ಪದೆ ಮಾಸ್‌ಗೆ ಹೋಗುವ ಕ್ಯಾಥೊಲಿಕ್.

ಅವರು ಮಾಡೋದು ಹೇಗೆ ಅಂತ ಹೇಳುತ್ತೇನೆ. ಜನವರಿ 31ರ ಸಂಜೆ ಒಂದು ಬಟ್ಟೆ ತುಂಡನ್ನು ಹೊರಗಿನ ಪೊದೆಯ ಮೇಲೆ ಹಾಕಿಡುತ್ತಾರೆ. ರಾತ್ರಿ ಬ್ರಿಜಿಡ್ ಹಾದುಹೋಗುವಾಗ ಮುಟ್ಟಿ ಹರಸುತ್ತಾಳೆ. ಆ ಬಟ್ಟೆಯನ್ನು ವರ್ಷವಿಡೀ ಇಟ್ಟುಕೊಂಡು ತಲೆನೋವು, ಗಂಟಲುನೋವು ಬಂದಾಗ ಸುತ್ತಿಕೊಳ್ಳುತ್ತಾರೆ. ಜೊಂಡು ಹುಲ್ಲಿನ ಶಿಲುಬೆ ಹೆಣೆಯುತ್ತಾರೆ. ಹುಲ್ಲನ್ನು ಕತ್ತರಿಸಬಾರದು, ಕೈಯಲ್ಲಿ ಕೀಳಬೇಕು. ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿದು, ಇನ್ನೊಂದನ್ನು ನಡುವಲ್ಲಿ ಮಡಿಸಿ ಅದರ ಮೇಲೆ ಹಾಕುತ್ತಾರೆ. ಇಡೀ ಹಿಡಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೊಂದು ಮಡಿಕೆ. ಹೀಗೆ ತಿರುಗಿಸುತ್ತಾ ಹೋದರೆ ನಡುವೆ ಚೌಕ ಮೂಡುತ್ತದೆ. ಹೆಬ್ಬೆರಳನ್ನು ಒಂದು ಕ್ಷಣ ಸಡಿಲ ಬಿಟ್ಟರೂ ಎಲ್ಲ ಬಿಚ್ಚಿಕೊಳ್ಳುತ್ತದೆ. ಕೊನೆಗೆ ನಾಲ್ಕು ತುದಿ ಕಟ್ಟಿ ಬಾಗಿಲ ಮೇಲೆ ಸಿಕ್ಕಿಸುತ್ತಾರೆ, ಮನೆಗೆ ಬೆಂಕಿ ಬೀಳದಿರಲಿ ಅಂತ. ಅಜ್ಜಿಗೆ ವಿಕ್ಕಾ ಅಂದರೆ ಏನೂ ಗೊತ್ತಿಲ್ಲ.

ಕಾಡುಸಂಪಿಗೆ (ಸೋಮರ್‌ಸೆಟ್)

ಚಂದ್ರಕಾಂತಿ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಎಂಟರ ಚಕ್ರ ಒಂದಾಗಿ ಕೂಡಿದ್ದೇ ಈಚೆಗೆ. 1950ರ ದಶಕದಲ್ಲಿ ಗಾರ್ಡ್ನರ್ ಗುಂಪು ನಾಲ್ಕು ಐರಿಷ್ ದಿನಗಳನ್ನು ದೊಡ್ಡದಾಗಿ ಆಚರಿಸುತ್ತಿತ್ತು. ಅವರ ಗೆಳೆಯ, ಡ್ರೂಯಿಡ್ (ಹಳೆಯ ಕೆಲ್ಟಿಕ್ ಪುರೋಹಿತರ ಹೆಸರಿನ ದಾರಿಯವರು) ರಾಸ್ ನಿಕೋಲ್ಸ್ ಕೂಡ ಇದೇ ಯೋಚನೆಯಲ್ಲಿದ್ದರು. ಆ ದಶಕದ ಕೊನೆಗೆ ಸೂರ್ಯನ ನಾಲ್ಕು ದಿನಗಳಿಗೂ (ಅತಿ ಉದ್ದದ ಹಗಲು, ಅತಿ ಚಿಕ್ಕ ಹಗಲು, ಹಗಲು ರಾತ್ರಿ ಸಮ ಇರುವ ಎರಡು ದಿನ) ಅಷ್ಟೇ ಸ್ಥಾನ ಸಿಕ್ಕಿತು. ಹಳೆಯ ಕಾಲದ ಯಾವ ಒಂದು ಜನಾಂಗವೂ ಎಂಟನ್ನೂ ಒಟ್ಟಿಗೆ ಆಚರಿಸಿದ್ದಕ್ಕೆ ಆಧಾರ ಇಲ್ಲ. ಮೇಬನ್ ಅನ್ನುವ ಹೆಸರನ್ನು ಸೆಪ್ಟೆಂಬರ್ ಹಬ್ಬಕ್ಕೆ ಅಂಟಿಸಿದ್ದು ಅಮೆರಿಕದ ಏಡನ್ ಕೆಲ್ಲಿ, 1970ರ ದಶಕದಲ್ಲಿ. ವೆಲ್ಷ್ ಕಥೆಯ ಆ ಮೇಬನ್‌ಗೂ ಸೆಪ್ಟೆಂಬರಿಗೂ ಸಂಬಂಧ ಇಲ್ಲ. ನಾನು ಆ ಹೆಸರು ಬಳಸಲ್ಲ, ಸುಮ್ನೆ ಸುಗ್ಗಿ ಅಂತೀನಿ.

ನೀರ್ದಾಳ (ರೆಡಿಂಗ್)

ಹಾಗಾದರೆ ಎಲ್ಲ ಕಟ್ಟುಕಥೆ ಅಂತಾಯ್ತಲ್ಲ? ನನಗೆ ಓದಿ ಬೇಸರ ಆಯಿತು. ಅಮ್ಮ ತೀರಿಕೊಂಡ ವರ್ಷ ಸಾವಿನ್ ರಾತ್ರಿ ಅವರಿಗೊಂದು ತಟ್ಟೆ ಹಾಕಿ, ಮಾತಾಡದೆ ಊಟ ಮಾಡಿದ್ದೆ. ಸಾವಿರಾರು ವರ್ಷದಿಂದ ಜನ ಹೀಗೇ ಮಾಡಿದ್ದಾರೆ ಅನ್ನುವ ನಂಬಿಕೆಯಿಂದಲೇ ನನಗೆ ಧೈರ್ಯ ಬಂದಿದ್ದು.

ಹೊಂಗೆನೆರಳು (ಎಡಿನ್‌ಬರೋ)

ನೀರ್ದಾಳ, ನಿಮ್ಮ ಊಟ ಸುಳ್ಳಲ್ಲ. ಸತ್ತವರನ್ನು ನೆನೆದು ಊಟ ಇಡುವುದು ನಿಜಕ್ಕೂ ಬಹಳ ಹಳೆಯದು. ನಿಮ್ಮ ಅಮ್ಮ ಇದ್ದಿದ್ದರೆ ಪಿತೃಪಕ್ಷದಲ್ಲಿ ಅವರೂ ಎಡೆ ಇಡುತ್ತಿದ್ದರು. ಎಂಟು ಹಬ್ಬದ ಚೌಕಟ್ಟು ಮಾತ್ರ ಹೊಸದು. ರೊನಾಲ್ಡ್ ಹಟ್ಟನ್ ಅನ್ನುವ ಬ್ರಿಸ್ಟಲ್ ಪ್ರೊಫೆಸರ್ 1999ರಲ್ಲಿ ವಿಕ್ಕಾ ಹುಟ್ಟಿದ ಇತಿಹಾಸವನ್ನು ಬಿಡಿಸಿ ಬರೆದಾಗ ಎಷ್ಟೋ ಜನರಿಗೆ ನಿಮ್ಮ ಹಾಗೆಯೇ ನೋವಾಯಿತು. ಆದರೂ ಜನ ದಾರಿ ಬಿಡಲಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 74,000 ಜನ ಪೇಗನ್ ಅಂತಲೂ, 13,000 ಜನ ವಿಕ್ಕನ್ ಅಂತಲೂ ಬರೆಸಿದ್ದಾರೆ. ಹೊಸದು ಅಂತ ಗೊತ್ತಿದ್ದೂ ಬರೆಸಿದವರು ಅವರಲ್ಲಿ ಇದ್ದೇ ಇರುತ್ತಾರೆ.

ನೀರ್ದಾಳ (ರೆಡಿಂಗ್)

ಪಿತೃಪಕ್ಷದ ಮಾತು ನನಗೆ ಹೊಳೆದೇ ಇರಲಿಲ್ಲ. ಥ್ಯಾಂಕ್ಸ್. ಈ ವರ್ಷವೂ ಹಾಕುತ್ತೇನೆ ತಟ್ಟೆ.

ತುಂಬೆಹೂ (ಲೀಡ್ಸ್)

ಕಣ್ಣಲ್ಲಿ ನೀರು ಬಂತು ನೀರ್ದಾಳ.

ಹಬ್ಬದ ದಿನ ಬಿಟ್ಟು ಮಾಮೂಲಿ ದಿನಗಳಲ್ಲಿ ಏನು ಮಾಡುತ್ತೀರಿ ಎಲ್ಲರೂ? ಅಂಗಡಿಗೆ ಹೋದರೆ ಹರಳು, ಬಿಳಿ ಸೇಜ್ ಕಟ್ಟು, ಬೆಳ್ಳಿ ಚೂರಿ, ಬೆಲೆ ನೋಡಿ ಹೆದರಿದೆ.

ಕಾಡುಸಂಪಿಗೆ (ಸೋಮರ್‌ಸೆಟ್)

ಏನೂ ಕೊಳ್ಳಬೇಡಿ! ಬಿಳಿ ಸೇಜಂತೂ ಬೇಡವೇ ಬೇಡ. ಅದು ದಕ್ಷಿಣ ಕ್ಯಾಲಿಫೋರ್ನಿಯಾ ಕಡೆಯ ಗಿಡ. ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ. ಮಾರಾಟಕ್ಕೆ ಅಂತ ಕಾಡಿನಿಂದ ಕದ್ದು ಚೀಲಗಟ್ಟಲೆ ಕೊಯ್ಯುತ್ತಾರೆ. ಇಲ್ಲಿ ರೋಸ್‌ಮೆರಿ ಪ್ರತಿ ಬೇಲಿಯಲ್ಲಿ ಸಿಗುತ್ತದೆ. ಹೊಗೆ ಅಲಾರಂ ಇದ್ದರೆ ಒಂದು ಕಡ್ಡಿಯನ್ನು ನೀರಲ್ಲಿ ಅದ್ದಿ ಮೂಲೆ ಮೂಲೆಗೆ ಚಿಮುಕಿಸಿ. ಮಾವಿನೆಲೆಯಲ್ಲಿ ಪುಣ್ಯಾಹದ ನೀರು ಹಾಕುತ್ತಾರಲ್ಲ, ಅದೇ ಕೈ.

ನನ್ನ ದಿನ ಹೀಗೆ. ಬೆಳಿಗ್ಗೆ ಟೀ ಕದಡುವಾಗ ಬರಲಿ ಅನ್ನುವುದಕ್ಕೆ ಸೂರ್ಯನ ದಿಕ್ಕಿಗೆ, ಹೋಗಲಿ ಅನ್ನುವುದಕ್ಕೆ ಎದುರು ದಿಕ್ಕಿಗೆ ಚಮಚ ತಿರುಗಿಸುತ್ತೇನೆ. ಮನಸ್ಸಲ್ಲಿ ಒಂದೇ ಮಾತು. ಹೊಸ್ತಿಲಲ್ಲಿ ಚಿಟಿಕೆ ಉಪ್ಪು. ಅಮಾವಾಸ್ಯೆ ಹತ್ತಿರ ಮನೆ ಗುಡಿಸಿ ಬೇಡದ್ದು ಹೊರಗೆ, ಹುಣ್ಣಿಮೆಗೆ ಐದು ನಿಮಿಷ ಬೀದಿಗೆ ಬಂದು ಚಂದ್ರನ ಕಡೆ ನೋಡುತ್ತೇನೆ. ಒಂದು ನೋಟ್‌ಬುಕ್. ಅದರಲ್ಲಿ ಮಂತ್ರಕ್ಕಿಂತ ಜಾಸ್ತಿ ಇರೋದು ಇಂಥವು: ಬೇಲಿಯ ಮುಳ್ಳುಗಿಡ ಹಾಥಾರ್ನ್ ಯಾವತ್ತು ಅರಳಿತು, ಸ್ವಾಲೋ ಹಕ್ಕಿ ಯಾವತ್ತು ಬಂತು, ಮೊದಲ ಇಬ್ಬನಿ ಯಾವತ್ತು ಹೆಪ್ಪುಗಟ್ಟಿತು. ಹಾಥಾರ್ನ್ ಅರಳಿದ ದಿನವೇ ನನಗೆ ಬೆಲ್ಟೇನ್, ಮೇ 1 ಆಗಿರಲಿ, 10 ಆಗಿರಲಿ. ಆ ಹೂವನ್ನು ಮಾತ್ರ ಮನೆಯೊಳಗೆ ತರಬೇಡಿ, ಸಾವು ತರುತ್ತದೆ ಅಂತ ಇಲ್ಲಿಯ ಹಳೇ ನಂಬಿಕೆ. ಅದರ ವಾಸನೆಯಲ್ಲಿ ಟ್ರೈಮೀಥೈಲಮೀನ್ ಅನ್ನುವ ರಾಸಾಯನಿಕ ಇದೆ, ಕೊಳೆಯುವ ಮಾಂಸದಿಂದ ಬರುವುದೂ ಅದೇ. ಹೆಣವನ್ನು ಮನೆಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದ ಕಾಲದವರಿಗೆ ಆ ವಾಸನೆ ಗುರುತು ಹತ್ತದೇ ಇರುತ್ತಾ?

ಔಷಧಿಪೆಟ್ಟಿಗೆ (ಬರ್ಮಿಂಗ್‌ಹ್ಯಾಮ್)

ನಾನು ಫಾರ್ಮಸಿಸ್ಟ್. ಗಿಡದ ಮಾತು ಬಂದಿದ್ದಕ್ಕೆ ಹೇಳಲೇಬೇಕು. ಇಂಗ್ಲೆಂಡಿನ ಬೇಲಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಬೇಡಿ. ಎಲ್ಡರ್ ಹೂವಿನ ಶರಬತ್ತು ಚೆನ್ನ, ಆದರೆ ಅದರ ಎಲೆ, ಕಾಂಡ, ಹಸಿ ಹಣ್ಣು ವಿಷ. ಹಣ್ಣನ್ನು ಬೇಯಿಸಿಯೇ ತಿನ್ನಬೇಕು. ಫಾಕ್ಸ್‌ಗ್ಲೋವ್ ಎಲೆಯನ್ನು ಕಾಮ್‌ಫ್ರಿ ಅಂತ ತಿಳಿದು ಕಷಾಯ ಮಾಡಿದರೆ ಹೃದಯವೇ ನಿಲ್ಲಬಹುದು. ಹಳ್ಳದ ಪಕ್ಕ ಬೆಳೆಯುವ ಹೆಮ್‌ಲಾಕ್ ವಾಟರ್ ಡ್ರಾಪ್‌ವರ್ಟ್ ನೋಡೋಕೆ ಸೆಲರಿ ಥರ. ಅದರ ಬೇರು ತಿಂದರೆ ಜೀವಕ್ಕೇ ಅಪಾಯ. ಮಗ್‌ವರ್ಟ್ ಕನಸಿಗೆ ಒಳ್ಳೆಯದು ಅಂತ ಎಲ್ಲರೂ ಬರೆಯುತ್ತಾರೆ. ಬಸುರಿಯರು ಮುಟ್ಟಲೇಬಾರದು. ಯೂ ಮರದ ಎಲೆ, ಬೀಜ ಎರಡೂ ವಿಷ. ಮನೆಯಲ್ಲಿ ಬೆಕ್ಕಿದ್ದರೆ ಸುಗಂಧ ಎಣ್ಣೆಗಳನ್ನು ಕಾಯಿಸಿ ಹರಡಬೇಡಿ. ಮಾತ್ರೆ ತಗೊಳ್ಳುವವರು ಯಾವ ಮೂಲಿಕೆಗೂ ಮುಂಚೆ ನಿಮ್ಮ ಫಾರ್ಮಸಿಯಲ್ಲಿ ಕೇಳಿ. ನಾವು ನಗಲ್ಲ, ಬೈಯಲ್ಲ.

ಕರಿಬೇವು (ಲಂಡನ್)

ಇನ್ನೊಂದು ಎಚ್ಚರಿಕೆ. ನನ್ನ ತಂಗಿಗೆ ಮದುವೆ ಮುರಿದ ಹೊತ್ತಲ್ಲಿ ಆನ್‌ಲೈನಿನಲ್ಲಿ ಒಬ್ಬರು "ವಿಚ್" ಸಿಕ್ಕರು. ಗಂಡನನ್ನು ವಾಪಸ್ ತರುವ ಮೇಣದ ಬತ್ತಿ ಹಚ್ಚುತ್ತೇನೆ ಅಂತ ದುಡ್ಡು ಕೇಳಿದರು. ಆಮೇಲೆ ನಿನ್ನ ಮೇಲೆ ಶಾಪ ಇದೆ, ಅದನ್ನು ತೆಗೆಯೋಕೆ ಇನ್ನಷ್ಟು. ಅವಳು ನಿದ್ದೆ ಬಿಟ್ಟಳು. ದುಃಖದಲ್ಲಿರುವವರನ್ನೇ ಇವರು ಹುಡುಕುತ್ತಾರೆ.

ಕಾಡುಸಂಪಿಗೆ (ಸೋಮರ್‌ಸೆಟ್)

ಛೆ, ಪಾಪ. ನಿಮ್ಮ ತಂಗಿ ಈಗ ಹುಷಾರಾಗಿದ್ದಾರೆ ಅಂದುಕೊಳ್ಳುತ್ತೇನೆ. ಹೊಸಬರೆಲ್ಲ ಗಮನಿಸಿ: ದೀಕ್ಷೆಗೆ ದುಡ್ಡು ಕೇಳುವುದು ಗಾರ್ಡ್ನೇರಿಯನ್ ದಾರಿಯಲ್ಲಿ ನಿಷಿದ್ಧ. ಕೆಲವು ಗುಂಪುಗಳು ಬೆತ್ತಲೆಯಾಗಿ ಆಚರಿಸುತ್ತವೆ, ಅದು ನಿಜ. ಆದರೆ ಅದನ್ನು ಮೊದಲೇ ಹೇಳಬೇಕು, ಬೇಡ ಅಂದರೆ ಬೇಡ. ನಿಮ್ಮನ್ನು ಮನೆಯವರಿಂದ, ಗೆಳೆಯರಿಂದ ದೂರ ಮಾಡುವವರು, ಇವತ್ತೇ ತೀರ್ಮಾನ ಹೇಳು ಅನ್ನುವವರು, ಗುರುವನ್ನು ಪ್ರಶ್ನೆ ಕೇಳಬಾರದು ಅನ್ನುವವರು, ಅಂಥ ಕಡೆಯಿಂದ ಎದ್ದು ಬನ್ನಿ. ಮೊದಲು ಮೂಟ್‌ಗೆ ಹೋಗಿ. ಅದು ಪಬ್ಬಿನಲ್ಲಿ ಎಲ್ಲರೂ ಸೇರಿ ಮಾತಾಡುವ ಸಂಜೆ, ಯಾರು ಬೇಕಾದರೂ ಬರಬಹುದು. 1971ರಿಂದ ಇರುವ ಪೇಗನ್ ಫೆಡರೇಷನ್ನಿನವರನ್ನು ಕೇಳಿದರೆ ನಿಮ್ಮ ಊರಿನ ಹತ್ತಿರದ್ದನ್ನು ಹೇಳುತ್ತಾರೆ.

ನಿರ್ವಾಹಕರು

ಇಲ್ಲಿ ಮಂತ್ರ, ತಾಯಿತ, ಭವಿಷ್ಯ ಯಾವುದನ್ನೂ ಮಾರುವಂತಿಲ್ಲ. ಖಾಸಗಿ ಸಂದೇಶದಲ್ಲಿ ಯಾರಾದರೂ ದುಡ್ಡು ಕೇಳಿದರೆ ನಮಗೆ ತಿಳಿಸಿ.

ಅಡಕೆಮರ (ಶಿವಮೊಗ್ಗ)

ಊರಲ್ಲಿ ಕೂತು ಎಲ್ಲ ಓದುತ್ತಿದ್ದೇನೆ. ಹೋದ ವರ್ಷ ನಾನೂ ಯೂಲ್, ಒಸ್ಟಾರಾ ಅಂತ ಇಲ್ಲಿ ಮಾಡಲು ನೋಡಿದೆ. ಮಾರ್ಚಿನ ಸುಡು ಬಿಸಿಲಲ್ಲಿ ಹಿಮ ಕರಗುವ ಹಾಡು ಹೇಳಿದರೆ ಮನಸ್ಸು ತೊಡಗಲ್ಲ. ಭೂಮಿ ಹುಣ್ಣಿಮೆ ಬಂತು. ಅಮ್ಮ ರಾತ್ರಿಯಿಡೀ ಕೂತು ಅಡುಗೆ ಮಾಡಿ, ಸೂರ್ಯ ಮೂಡುವ ಮುಂಚೆ ಚಿತ್ತಾರ ಬರೆದ ಬುಟ್ಟಿ ಹೊತ್ತು ಗದ್ದೆಗೆ ಹೋದರು. ಹೊಡೆ ತುಂಬಿದ ಭತ್ತದ ಪೈರು ಬಸುರಿ, ಅವಳಿಗೆ ಬಯಕೆ ಊಟ. ನಾನೂ ಈ ಸಲ ಚರಗ ಬೀರಿದೆ. ಕಾಡುಸಂಪಿಗೆ ಅಕ್ಕ ಸೇಬಿನ ಮರದ ಕಥೆ ಹೇಳಿದಾಗ ನನಗೆ ಕಂಡಿದ್ದು ಅದೇ ಗದ್ದೆ.

ಕಾಡುಸಂಪಿಗೆ (ಸೋಮರ್‌ಸೆಟ್)

ನೀವು ಎಲ್ಲೂ ಹುಡುಕಬೇಕಿಲ್ಲ ತಮ್ಮಾ. ರೋಹಿಣಿ, ಮೃಗಶಿರ, ಆರಿದ್ರೆ ಅಂತ ಮಳೆ ಎಣಿಸುವ ಲೆಕ್ಕ ನಿಮ್ಮ ಅಮ್ಮನ ಬಾಯಲ್ಲಿದೆಯಲ್ಲ, ಅದನ್ನು ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ ಅಷ್ಟು ಚೆನ್ನಾದ ಪಂಚಾಂಗ ಇಲ್ಲ.

ತುಂಬೆಹೂ (ಲೀಡ್ಸ್)

ಸದ್ಯಕ್ಕೆ ಯಾವ ಹೆಸರನ್ನೂ ಹಚ್ಚಿಕೊಳ್ಳಲ್ಲ ಅಂತ ತೀರ್ಮಾನ ಮಾಡಿದೆ. ನೋಟ್‌ಬುಕ್ ಶುರು ಮಾಡಿದ್ದೇನೆ. ಇವತ್ತಿನದು: ಕಾಲುವೆ ಪಕ್ಕದ ಬರ್ಚ್ ಮರ ಪೂರ್ತಿ ಹಳದಿ, ನಾಲ್ಕೂ ಮುಕ್ಕಾಲಿಗೆ ಬೀದಿದೀಪ. ಸಾವಿನ್‌ಗೆ ಕುಂಬಳಕಾಯಿ ಬದಲು ಹಳೆಯ ಪದ್ಧತಿಯ ಟರ್ನಿಪ್ ದೀಪ ಮಾಡೋಣ ಅಂತ ತಂದೆ. ಕಲ್ಲಿನ ಥರ ಗಟ್ಟಿ ಇದೆ, ಕೊರೆಯೋದು ಹೇಗೆ?

ಚಂದ್ರಕಾಂತಿ (ಡಬ್ಲಿನ್)

ಮೇಲಿನ ಮುಚ್ಚಳ ಕತ್ತರಿಸಿ, ಒಳಗೆ ಚಾಕುವಿನಲ್ಲಿ ಅಡ್ಡಡ್ಡ ಗೀರಿ. ಆಮೇಲೆ ಗಟ್ಟಿ ಸ್ಟೀಲ್ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೆರೆಯಿರಿ. ಟರ್ನಿಪ್ಪನ್ನು ಒದ್ದೆ ಬಟ್ಟೆ ಮೇಲೆ ಇಟ್ಟರೆ ಜಾರಲ್ಲ. ಗೋಡೆ ಬೆರಳಿನಷ್ಟು ದಪ್ಪ ಉಳಿದರೆ ಸಾಕು. ನಿಮ್ಮ ಮನೆಗೆ ಬ್ಯಾಟರಿ ದೀಪವೇ ಸರಿ. ಕೆರೆದ ಚೂರನ್ನು ಎಸೆಯಬೇಡಿ, ಒಗ್ಗರಣೆ ಹಾಕಿ ಪಲ್ಯ ಮಾಡಿ. ಜನವರಿ ಕೊನೆಗೆ ಶಿಲುಬೆ ಹೆಣೆಯೋದನ್ನು ವಿಡಿಯೋ ಕಾಲಿನಲ್ಲಿ ಹೇಳಿಕೊಡುತ್ತೇನೆ. ಲೀಡ್ಸಿನ ಸುತ್ತಲಿನ ಜೌಗು ನೆಲದಲ್ಲಿ ಜೊಂಡು ಸಿಗುತ್ತದೆ. ಜಮೀನಿನವರನ್ನು ಕೇಳಿ ಕೀಳಿ, ಬೇರು ಬರದ ಹಾಗೆ. ಒಬ್ಬರಿಗೆ ಇಪ್ಪತ್ತು ಮೂವತ್ತು ಕಡ್ಡಿ ಬೇಕು. ನೀರ್ದಾಳ, ಅಡಕೆಮರ, ರವಿ ಅವರೇ, ನೀವೂ ಬನ್ನಿ. ಶಿವಮೊಗ್ಗದಲ್ಲಿ ಭತ್ತದ ಹುಲ್ಲು ನೆನೆಸಿಟ್ಟುಕೊಂಡರೂ ನಡೆಯುತ್ತೆ.